ಬೆಕ್ಕು ಇಟ್ಟ ಅಮಾನತು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಕನ್ನಡ ಶಾಲೆಯಿಂದ ಹೊರಬಂದವರು ಕಡಿಮೆ. ಊರಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಅರಸ ಕೃಷ್ಣದೇವರಾಯ ಮನೆಗೊಂದು ಬೆಕ್ಕಿನ ಮರಿ ಕೊಡಿಸುತ್ತಾನೆ. ಅದಕ್ಕೆ ಹಾಲೆರೆಯಲು ಮನೆಗೊಂದು ಹಸುವನ್ನೂ ಕೊಡಿಸುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಮರಿಯ ಮುಂದಿಡುತ್ತಾನೆ. ಬಾಯಿ ಸುಟ್ಟುಕೊಂಡ ಮರಿ ಮತ್ತೆಂದೂ ಹಾಲಿನ ಹತ್ತಿರ ಸುಳಿಯುವುದಿಲ್ಲ. ಹಸುವಿನ ಹಾಲೆಲ್ಲ ಅವನ ಮನೆಯವರಿಗೆ. ತಪಾಸಣೆಯ ದಿನ ಆತ ಬಡಕಲು ಬೆಕ್ಕನ್ನು ಆಸ್ಥಾನಕ್ಕೆ ತಂದು, ಇದು ಹಾಲನ್ನೇ ಕುಡಿಯುವುದಿಲ್ಲ ಎನ್ನುತ್ತಾನೆ. ಹಾಲಿನ ಬಟ್ಟಲು ಕಂಡದ್ದೇ ಬೆಕ್ಕು ಓಡಿಹೋಗುತ್ತದೆ. ಆಸ್ಥಾನ ನಗುತ್ತದೆ. ತರಗತಿಯೂ ನಗುತ್ತದೆ.

ನಾನು ಬೆಳಿಗ್ಗೆ ಕನ್ನಡ ಶಾಲೆಗೂ ಸಂಜೆ ಉರ್ದು ಪಾಠಕ್ಕೂ ಹೋಗುತ್ತಿದ್ದ ಹುಡುಗರಲ್ಲೊಬ್ಬ. ಉರ್ದುವಿನಲ್ಲಿ ಇದೇ ಸುಟ್ಟ ಬಾಯಿ ಗಾದೆಯಾಗಿ ಸಿಕ್ಕಿತು: ‘ದೂಧ್ ಕಾ ಜಲಾ ಛಾಛ್ ಭೀ ಫೂಂಕ್ ಫೂಂಕ್ ಕರ್ ಪೀತಾ ಹೈ.’ ಹಾಲಿನಿಂದ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಊದಿ ಕುಡಿಯುತ್ತಾನೆ. ಕನ್ನಡದ ಕಥೆಯಲ್ಲಿ ಸುಟ್ಟವನ ಜಾಣ್ಮೆಯಿದೆ. ಉರ್ದುವಿನ ಗಾದೆಯಲ್ಲಿ ಸುಟ್ಟುಕೊಂಡವನ ಅನುಭವವಿದೆ. ಬೆಕ್ಕಿನ ಕಡೆಯಿಂದ ಕಥೆ ಹೇಳುವವರು ಆಸ್ಥಾನದಲ್ಲೂ ಇರಲಿಲ್ಲ, ತರಗತಿಯಲ್ಲೂ ಇರಲಿಲ್ಲ. ಹಾಲು ಕಂಡು ಓಡಿದ ಆ ಬೆಕ್ಕು ಆಮೇಲೆ ಯಾರನ್ನಾದರೂ ನಂಬಿತೇ? ನಂಬಬೇಕೆಂದು ಕೇಳುವ ಹಕ್ಕು ಯಾರಿಗಾದರೂ ಇತ್ತೇ? ಈ ಎರಡು ಪ್ರಶ್ನೆಗಳನ್ನು ಕಥೆ ಕೇಳುವುದಿಲ್ಲ. ನಾವಾದರೂ ಕೇಳಿಕೊಳ್ಳಬಹುದು.

ಅಂಥ ಬೆಕ್ಕನ್ನು ಹುಡುಕಲು ಹಂಪಿಯವರೆಗೆ ಹೋಗಬೇಕಿಲ್ಲ. ನಮ್ಮ ಊರುಗಳ ಪ್ರತಿ ಓಣಿಯಲ್ಲೂ ಒಂದಿರುತ್ತದೆ. ಕಾಂಪೌಂಡಿನ ಮೇಲೆ, ನಿಂತ ಕಾರಿನ ಕೆಳಗೆ, ನೀರಿನ ತೊಟ್ಟಿಯ ಸಂದಿಯಲ್ಲಿ, ಬೂದಿ ಬಣ್ಣದ್ದೋ ಹಳದಿ ಪಟ್ಟೆಯದ್ದೋ. ಕಿವಿ ಹರಿದಿರುತ್ತದೆ, ಪಕ್ಕೆಯ ಕೂದಲು ಉದುರಿರುತ್ತದೆ. ನಾವು ನಿಂತರೆ ಅದೂ ನಿಲ್ಲುತ್ತದೆ. ನಾವು ಒಂದು ಹೆಜ್ಜೆ ಇಟ್ಟರೆ ಅದು ಮೂರು ಹೆಜ್ಜೆ ಹಿಂದೆ ಸರಿಯುತ್ತದೆ. ಇದನ್ನು ‘ಕಾಡುಬೆಕ್ಕು’ ಎಂದುಬಿಡುವವರಿದ್ದಾರೆ. ಆದರೆ ಇವುಗಳಲ್ಲಿ ಎಷ್ಟೋ ಬೆಕ್ಕುಗಳು ಒಂದು ಕಾಲಕ್ಕೆ ಯಾರದೋ ಮಡಿಲಲ್ಲಿ ಮಲಗಿದ್ದವು. ಮಗು ಹಟ ಮಾಡಿತೆಂದು ಮರಿ ತಂದಿರುತ್ತಾರೆ. ಮಗು ಬೆಳೆಯುತ್ತದೆ, ವರ್ಗವಾಗುತ್ತದೆ, ಮನೆ ಖಾಲಿಯಾಗುತ್ತದೆ. ಲಾರಿಗೆ ಮಂಚ, ಬೀರು, ತುಳಸಿಯ ಕುಂಡವೋ ಕರಿಬೇವಿನ ಕುಂಡವೋ ಎಲ್ಲವೂ ಏರುತ್ತವೆ. ಬೆಕ್ಕು ಉಳಿಯುತ್ತದೆ. ‘ನಾಯಿ ಮನುಷ್ಯನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ’ ಎಂಬ ಮಾತನ್ನು ನಮ್ಮಲ್ಲಿ ದೊಡ್ಡ ಲೋಕಜ್ಞಾನದಂತೆ ಹೇಳುತ್ತಾರೆ. ಮನೆ ಖಾಲಿ ಮಾಡುವವರಿಗೆ ಇಷ್ಟು ಅನುಕೂಲವಾದ ತತ್ವಜ್ಞಾನ ಬೇರೊಂದಿಲ್ಲ.

ಹುಟ್ಟಿನಿಂದಲೇ ಮನುಷ್ಯರ ಸಂಗವಿಲ್ಲದೆ ಬೆಳೆದ ಬೆಕ್ಕಿಗೂ ಹೀಗೆ ಬಿಟ್ಟುಹೋದ ಬೆಕ್ಕಿಗೂ ವ್ಯತ್ಯಾಸವಿದೆ. ಮರಿಯ ಎರಡನೆಯ ವಾರದಿಂದ ಏಳನೆಯ ವಾರದೊಳಗೆ ಮನುಷ್ಯರ ಕೈ, ದನಿ, ವಾಸನೆಗಳ ಪರಿಚಯವಾದರೆ ಅದು ಮನುಷ್ಯರನ್ನು ತನ್ನ ಲೋಕದೊಳಗೆ ಸೇರಿಸಿಕೊಳ್ಳುತ್ತದೆ ಎಂದು ಬೆಕ್ಕುಗಳ ನಡವಳಿಕೆಯನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಆ ಕಿಟಕಿ ಮುಚ್ಚಿದ ಮೇಲೆ ಸಿಕ್ಕ ಬೆಕ್ಕಿಗೆ ನಾವು ಬಹುಮಟ್ಟಿಗೆ ಬೇಟೆಯಾಡುವ ಪ್ರಾಣಿಗಳು, ಅಷ್ಟೆ. ಮೊದಲಿನದು ನಮ್ಮನ್ನು ಅರಿಯದೆ ಅಂಜುತ್ತದೆ. ಬಿಟ್ಟುಹೋದ ಬೆಕ್ಕು ನಮ್ಮನ್ನು ಅರಿತು ಅಂಜುತ್ತದೆ. ಎರಡನೆಯ ಅಂಜಿಕೆಗೆ ಉತ್ತರ ಕೊಡುವುದು ಹೆಚ್ಚು ಕಷ್ಟ.

ನಮ್ಮ ಓಣಿಯಲ್ಲಿ ಅಂಥದೊಂದು ಹೆಣ್ಣುಬೆಕ್ಕು ಉಳಿದುಕೊಂಡಿತು. ಎದುರು ಮನೆಯ ಬಾಡಿಗೆಯವರು ಹೋದ ಮೇಲೆ ಅದು ಒಂದು ತಿಂಗಳು ಆ ಬಾಗಿಲ ಮುಂದೆಯೇ ಕೂತಿತ್ತು. ಹೊಸಬರು ಬಂದು ನೀರೆರಚಿದರು. ಹುಡುಗರು ಗುರಿ ನೋಡಲು ಕಲ್ಲು ಎಸೆದರು. ಮಳೆ ಹಿಡಿದಾಗ ಅದು ನಮ್ಮ ಸೌದೆ ಕೊಟ್ಟಿಗೆಯ ತಗಡಿನ ಕೆಳಗೆ ಬಂತು. ಅನ್ನಕ್ಕೆ ಮೀನು ಕಲಸಿ ಹೊರಗಿಟ್ಟು ನಾನು ಕರೆಯತೊಡಗಿದೆ. ಒಳಗಿಂದ ಅಮ್ಮಿ ತಮ್ಮ ದಖನಿಯಲ್ಲಿ ಹೇಳಿದರು: ‘ಬುಲಾವ್ ನಕ್ಕೋ, ಆನೇ ದೇವ್.’ ಕರೆಯಬೇಡ, ಬರಲು ಬಿಡು.

ಬೆಕ್ಕುಗಳ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಈ ನಾಲ್ಕು ಪದಗಳ ವ್ಯಾಖ್ಯಾನದಂತೆ ಕಂಡಿತು. ಊಟವನ್ನು ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇಡಬೇಕು. ಇಟ್ಟು ಹೋಗಿಬಿಡಬೇಕು. ನಿಂತು ನೋಡಿದರೆ ಅದು ಊಟವಾಗಿ ಉಳಿಯುವುದಿಲ್ಲ, ಗಾಳವಾಗುತ್ತದೆ. ವಾರಗಳು ಕಳೆದ ಮೇಲೆ ದೂರದಲ್ಲಿ ಕೂರಬಹುದು, ನಿಲ್ಲಬಾರದು. ನಿಂತ ಮನುಷ್ಯ ಬೆಕ್ಕಿಗೆ ಮರದಷ್ಟು ಎತ್ತರ. ನೇರ ದಿಟ್ಟಿಸಬಾರದು, ಬೆಕ್ಕುಗಳಲ್ಲಿ ರೆಪ್ಪೆ ಹೊಡೆಯದ ನೋಟ ಜಗಳದ ಕರೆ. ಕೈಯನ್ನು ಮೇಲಿನಿಂದ ಚಾಚಬಾರದು. ಮೇಲಿನಿಂದ ಬರುವುದು ಹದ್ದು. ನೆಲದ ಮಟ್ಟದಲ್ಲಿ ಬೆರಳು ನೀಡಿ, ಅದಾಗಿಯೇ ಮೂಸುವವರೆಗೆ ಸುಮ್ಮನಿರಬೇಕು. ಅದು ಬಂದು ಕಾಲಿಗೆ ಮೈ ಉಜ್ಜಿದ ದಿನವೂ ಎತ್ತಿಕೊಳ್ಳಬಾರದು. ಮೈ ಉಜ್ಜುವುದು ಪರಿಚಯ ಒಪ್ಪಿಕೊಂಡದ್ದಕ್ಕೆ ಗುರುತು, ಎತ್ತಿಕೊಳ್ಳಲು ಅನುಮತಿಯಲ್ಲ.

ಇನ್ನೊಂದು ಸಂಗತಿ. ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ’ ಎಂದು ನಾವು ಕಳ್ಳರನ್ನು ಆಡಿಕೊಳ್ಳುತ್ತೇವೆ. ಕಣ್ಣು ಮುಚ್ಚುವುದು ಬೆಕ್ಕಿನ ಲೋಕದಲ್ಲಿ ಬೇರೆಯೇ ಮಾತು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರು ಕಣ್ಣನ್ನು ಕಿರಿದಾಗಿಸಿ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದಾಗ ಬೆಕ್ಕುಗಳೂ ಹಾಗೆಯೇ ಮಾಡುವುದು ಹೆಚ್ಚಾಯಿತು. ಹಾಗೆ ಮಾಡಿದ ಅಪರಿಚಿತರ ಕೈಯ ಬಳಿಗೂ ಅವು ಹೆಚ್ಚಾಗಿ ಬಂದವು. ಕಣ್ಣು ಮುಚ್ಚಿದ ಗಳಿಗೆಯಲ್ಲಿ ನಿನ್ನಿಂದ ನನಗೆ ಹಾನಿಯಾಗಬಹುದು, ಆದರೂ ಮುಚ್ಚುತ್ತಿದ್ದೇನೆ. ನಂಬಿಕೆಗೆ ಇದಕ್ಕಿಂತ ಚಿಕ್ಕ ವಿವರಣೆ ನನಗೆ ಸಿಕ್ಕಿಲ್ಲ.

ಹಾಲಿನ ವಿಷಯಕ್ಕೂ ಒಂದು ಮಾತು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಸುವಿನ ಹಾಲು ಒಗ್ಗುವುದಿಲ್ಲ. ಹಾಲಿನ ಸಕ್ಕರೆಯನ್ನು ಕರಗಿಸುವ ಶಕ್ತಿ ಮರಿತನದ ನಂತರ ಕುಂದಿ, ಹೊಟ್ಟೆ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಅವಕ್ಕೆ ವಿಷ. ಅಂದರೆ ನಾವು ಪ್ರೀತಿಯಿಂದ ಕೊಡುವ ಹಾಲೂ, ಉಳಿದ ಸಾರು ಸುರಿದ ಅನ್ನವೂ ಬೆಕ್ಕಿಗೆ ಕೆಡುಕೇ. ಬರಿಯ ಬೇಯಿಸಿದ ಮೀನು, ಮುಳ್ಳು ತೆಗೆದದ್ದು, ಸ್ವಲ್ಪ ಮೊಟ್ಟೆ, ಒಂದು ಬಟ್ಟಲು ನೀರು ಸಾಕು. ಪ್ರೀತಿಸುವವರು ಮೊದಲು ಪ್ರೀತಿಗೆ ಪಾತ್ರವಾದದ್ದರ ಹೊಟ್ಟೆಯನ್ನು ಅರಿಯಬೇಕು.

ನಾಲ್ಕು ತಿಂಗಳಲ್ಲಿ ಬೆಕ್ಕು ಕೊಟ್ಟಿಗೆಯಿಂದ ಜಗುಲಿಗೆ ಬಂತು. ರಮಝಾನಿನಲ್ಲಿ ಮನೆಯ ಹೊತ್ತೇ ಬದಲಾದಾಗ ಅದು ಹೇಗೆ ಲೆಕ್ಕ ಹಾಕಿತೋ, ಸೆಹ್ರಿಗೆ ಅಡುಗೆಮನೆಯ ದೀಪ ಹೊತ್ತಿದ ಕೂಡಲೇ ಮೆಟ್ಟಿಲ ಮೇಲೆ ಹಾಜರಾಗುತ್ತಿತ್ತು. ಒಂದು ದಿನ ನನಗೆ ಬೆನ್ನು ಮಾಡಿ ಕೂತು ಓಣಿಯನ್ನು ನೋಡತೊಡಗಿತು. ಬೆನ್ನು ತೋರಿಸುವುದು ಮನುಷ್ಯರಲ್ಲಿ ಅವಮಾನ, ಬೆಕ್ಕುಗಳಲ್ಲಿ ಗೌರವ. ಹಿಂದೆ ಇರುವವರನ್ನು ಕಾಯಬೇಕಿಲ್ಲ ಎಂದು ಅದು ತೀರ್ಮಾನಿಸಿದೆ ಎಂದರ್ಥ.

ಇಷ್ಟು ದಿನ ಯಾಕೆ ಹಿಡಿಯಿತು ಎಂದು ಕೇಳುವವರು ಒಂದು ಲೆಕ್ಕ ಮಾಡಬೇಕು. ಬೆಕ್ಕಿನ ತೂಕ ಮೂರೋ ನಾಲ್ಕೋ ಕಿಲೊ. ನಮ್ಮದು ಅರವತ್ತು. ಅದಕ್ಕಿಂತ ಹದಿನೈದು ಪಟ್ಟು ಭಾರದ ಜೀವವೊಂದು ಅದರ ಮೇಲೆ ಬಾಗುತ್ತಿದೆ. ನಮಗಿಂತ ಹದಿನೈದು ಪಟ್ಟು ಭಾರವೆಂದರೆ ಸುಮಾರು ಒಂಬೈನೂರು ಕಿಲೊ. ಮಲೆನಾಡಿನ ಒಂದು ಗಂಡು ಕಾಟಿಯ ತೂಕ. ಅಂಥ ಕಾಡುಕೋಣವೊಂದು ನಡುರಸ್ತೆಯಲ್ಲಿ ನಮ್ಮೆದುರು ನಿಂತು, ಅತ್ಯಂತ ವಾತ್ಸಲ್ಯದಿಂದ ನಮ್ಮ ತಲೆ ನೇವರಿಸಲು ಕಾಲೆತ್ತಿದರೆ ನಾವೇನು ಮಾಡುತ್ತೇವೆ? ಅದರ ಮನಸ್ಸಿನಲ್ಲಿರುವ ವಾತ್ಸಲ್ಯವನ್ನು ತಿಳಿಯಲು ನಮಗೆ ದಾರಿಯಿಲ್ಲ. ಕಾಣುವುದು ಕೊಂಬು ಮಾತ್ರ. ಓಡಿದರೆ ನಮ್ಮನ್ನು ಯಾರೂ ಕೃತಘ್ನರೆನ್ನುವುದಿಲ್ಲ. ಬೆಕ್ಕನ್ನು ಮಾತ್ರ ಅನ್ನುತ್ತೇವೆ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಯುಧಿಷ್ಠಿರನಿಗೆ ಹೇಳುವ ಕಥೆಯೊಂದಿದೆ. ಆಲದ ಮರದ ಬುಡದಲ್ಲಿ ಪಲಿತನೆಂಬ ಇಲಿ, ಕೊಂಬೆಯಲ್ಲಿ ಲೋಮಶನೆಂಬ ಬೆಕ್ಕು. ಬೆಕ್ಕು ಬೇಡನ ಬಲೆಗೆ ಬೀಳುತ್ತದೆ. ಖುಷಿಯಿಂದ ಹೊರಬಂದ ಇಲಿಗೆ ಕೆಳಗೆ ಮುಂಗುಸಿ, ಮೇಲೆ ಗೂಬೆ ಕಾಣುತ್ತವೆ. ಇಲಿ ಬೆಕ್ಕಿನೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ: ನಿನ್ನ ಮಡಿಲಲ್ಲಿ ನನಗೆ ಆಸರೆ ಕೊಡು, ನಿನ್ನ ಬಲೆ ಕಡಿಯುತ್ತೇನೆ. ಮುಂಗುಸಿಯೂ ಗೂಬೆಯೂ ಆಸೆ ಬಿಟ್ಟು ಹೋಗುತ್ತವೆ. ಬೆಕ್ಕು ಅವಸರಪಡಿಸಿದರೂ ಇಲಿ ನಿಧಾನವಾಗಿ ಕಡಿಯುತ್ತದೆ. ಕೊನೆಯ ಎಳೆಯನ್ನು ಕಡಿಯುವುದು ಬೇಡ ಹತ್ತಿರ ಬಂದಾಗಲೇ, ಬೆಕ್ಕಿಗೆ ಓಡುವುದಲ್ಲದೆ ಬೇರೆ ಯೋಚನೆಗೆ ಪುರುಸೊತ್ತಿಲ್ಲದಾಗ. ಆಮೇಲೆ ಬೆಕ್ಕು ಮರದಿಂದ ಕರೆಯುತ್ತದೆ, ನಾವಿಬ್ಬರು ಗೆಳೆಯರಲ್ಲವೇ, ಬಾ. ಇಲಿ ಬಿಲದ ಬಾಯಲ್ಲೇ ಕೂತು ಒಲ್ಲೆನೆನ್ನುತ್ತದೆ. ಗೆಳೆತನಕ್ಕೆ ಇದ್ದ ಕಾರಣ ಮುಗಿಯಿತು. ನೀನು ಬಲಶಾಲಿ, ನಾನು ನಿನ್ನ ಆಹಾರ.

ಇದನ್ನು ರಾಜನೀತಿಯ ಪಾಠವೆಂದು ಓದುತ್ತಾರೆ. ನನಗೆ ಇದು ದುರ್ಬಲರ ಅಪನಂಬಿಕೆಗೆ ಸಿಕ್ಕ ಅಪರೂಪದ ಮನ್ನಣೆಯಂತೆ ಕಾಣುತ್ತದೆ. ಭೀಷ್ಮ ಇಲಿಯನ್ನು ಕೃತಘ್ನ ಎನ್ನುವುದಿಲ್ಲ, ಬುದ್ಧಿವಂತ ಎನ್ನುತ್ತಾನೆ. ನಮ್ಮ ಓಣಿಯ ಬೆಕ್ಕು ಇಲಿಯ ಮುಂದೆ ಲೋಮಶ. ನಮ್ಮ ಮುಂದೆ ಪಲಿತ. ಅದು ಉಳಿಸಿಕೊಂಡ ಮೂರು ಹೆಜ್ಜೆಗಳ ಅಂತರ ಅದರ ಬಿಲದ ಬಾಯಿ.

ಆದರೆ ಮನುಷ್ಯರ ನಡುವೆ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಇಲ್ಲಿ ನಂಬಿಕೆ ಗಳಿಸಬೇಕಾದವರು ಯಾವಾಗಲೂ ಕೆಳಗಿರುವವರು. ಮನೆಗೆಲಸದ ಹೆಂಗಸು ತಾನು ಕಳ್ಳಿಯಲ್ಲವೆಂದು ವರ್ಷಗಟ್ಟಲೆ ಸಾಬೀತು ಮಾಡಬೇಕು; ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೇವೆಂದು ಮನೆಯೊಡತಿ ಸಾಬೀತು ಮಾಡುವಂತಿಲ್ಲ. ಬಾಡಿಗೆಗೆ ಬರುವವನು ತಾನು ಸಭ್ಯನೆಂದು ತೋರಿಸಬೇಕು. ಮಾಲೀಕನ ಸಭ್ಯತೆ ಮೊದಲೇ ತೀರ್ಮಾನವಾಗಿರುತ್ತದೆ. ನಗರದಲ್ಲಿ ಮನೆ ಹುಡುಕುವಾಗ ನನ್ನ ಹೆಸರು ಕೇಳಿದ ಮೇಲೆ ‘ಮನೆ ನಿನ್ನೆಯೇ ಹೋಯಿತಲ್ಲ’ ಎಂದ ದನಿಗಳನ್ನು ನಾನು ಬಲ್ಲೆ. ಈ ಪುಟಗಳನ್ನು ಓದುವ ಅನೇಕರೂ ಬಲ್ಲರು. ‘ನೀವು ಮೊದಲು ನಂಬಿಕೆ ಗಳಿಸಿ’ ಎಂದು ಹೇಳುವವರು ಎಷ್ಟೋ ಸಲ ಕೆಟ್ಟವರಾಗಿರುವುದಿಲ್ಲ. ಅವರು ತಮ್ಮ ತೂಕವನ್ನು ಮರೆತಿರುತ್ತಾರೆ, ಅಷ್ಟೆ.

ಬೆಕ್ಕು ಅದನ್ನು ಮರೆಯಲು ಬಿಡುವುದಿಲ್ಲ. ಅದರೆದುರು ‘ನಾನು ಒಳ್ಳೆಯವನು’ ಎಂಬ ಹೇಳಿಕೆಗೆ ಬೆಲೆಯಿಲ್ಲ. ಜಾತಿ, ಧರ್ಮ, ಪದವಿ, ಪ್ರಶಸ್ತಿ ಯಾವುದೂ ನಡೆಯುವುದಿಲ್ಲ. ನಡೆಯುವುದು ಒಂದೇ: ನೋಯಿಸಬಲ್ಲವನು ದಿನದಿನವೂ ನೋಯಿಸದೆ ಇರುವುದು. ಯಾರಲ್ಲಿ ಕೆಡುಕು ಮಾಡುವ ಶಕ್ತಿ ಹೆಚ್ಚಿದೆಯೋ ನಂಬಿಕೆ ಕಟ್ಟುವ ಹೊಣೆಯೂ ಅವರದೇ. ಅವರೇ ಮೊದಲು ಕೂರಬೇಕು, ಅವರೇ ಮೊದಲು ಕಣ್ಣು ತಗ್ಗಿಸಬೇಕು, ಎಷ್ಟು ದಿನ ಕಾಯಬೇಕೆಂಬುದನ್ನು ಎದುರಿನ ಜೀವ ತೀರ್ಮಾನಿಸಬೇಕು. ಬೆಕ್ಕಿನ ವಿಷಯದಲ್ಲಿ ಇದು ಕೂಡಲೇ ಒಪ್ಪಿಗೆಯಾಗುತ್ತದೆ. ಮನುಷ್ಯರ ವಿಷಯಕ್ಕೆ ಬಂದಾಗ ನಾವು ವಾದಕ್ಕಿಳಿಯುತ್ತೇವೆ.

ಹಾಗಾದರೆ ನಂಬಿಕೆ ಗಳಿಸಿದ ಮೇಲೆ ಎಲ್ಲ ಸುಖಾಂತವೇ? ನಿಜವಾದ ತೊಡಕು ಅಲ್ಲಿಂದ ಶುರುವಾಗುತ್ತದೆ. ಅಂಜಿಕೆಯೇ ಆ ಬೆಕ್ಕಿನ ರಕ್ಷೆಯಾಗಿತ್ತು. ಅದನ್ನು ನಾವು ಎಳೆ ಎಳೆಯಾಗಿ ಬಿಚ್ಚಿದ್ದೇವೆ. ಒಬ್ಬ ಮನುಷ್ಯನನ್ನು ನಂಬಲು ಕಲಿತ ಬೆಕ್ಕು ಇನ್ನೊಬ್ಬನನ್ನೂ ನಂಬಬಹುದು. ಅವನ ಕೈಯಲ್ಲಿ ಕಲ್ಲಿರಬಹುದು, ಇಲಿಪಾಷಾಣ ಕಲಸಿದ ಅನ್ನವಿರಬಹುದು.

ಈ ಜಾಗದಲ್ಲಿ ನಾವು ಬಾಲ್ಯದಿಂದ ಕೇಳಿದ ಒಂದು ಹದೀಸ್ ನನಗೆ ಹೊಸದಾಗಿ ಕೇಳಿಸಿತು. ಬೆಕ್ಕೊಂದನ್ನು ಕೂಡಿಹಾಕಿ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿಯವರು(ಸ) ಹೇಳಿದ ವಿಷಯ ಬುಖಾರಿಯ ಸಂಗ್ರಹದಲ್ಲಿದೆ. ಅಲ್ಲಿ ಆಕೆಯ ತಪ್ಪನ್ನು ಎರಡು ಭಾಗ ಮಾಡಿ ಹೇಳಲಾಗಿದೆ. ಆಕೆ ತಾನೂ ಉಣಿಸಲಿಲ್ಲ. ನೆಲದ ಹುಳಹುಪ್ಪಟೆ ತಿಂದು ಬದುಕಲು ಹೊರಗೂ ಬಿಡಲಿಲ್ಲ. ಅಂದರೆ ಬೆಕ್ಕಿಗೆ ಎರಡು ಬಾಗಿಲುಗಳಿವೆ: ನಮ್ಮ ಅನ್ನ, ಇಲ್ಲವೇ ಅದರ ಸ್ವಾತಂತ್ರ್ಯ. ಎರಡನ್ನೂ ಮುಚ್ಚುವುದು ಕ್ರೌರ್ಯ. ಕೂಡಿಹಾಕಲು ಕೋಣೆ, ಚಿಲಕ ಬೇಕೆಂದೇನಿಲ್ಲ. ಮರಿಯಿಂದ ಬಟ್ಟಲಲ್ಲಿ ಉಣಿಸಿ, ಬೇಟೆ ಮರೆಸಿ, ಒಂದು ದಿನ ಬಟ್ಟಲನ್ನು ತೆಗೆದುಕೊಂಡು ಲಾರಿ ಹತ್ತಿದರೂ ಅದು ಕೂಡಿಹಾಕಿದಂತೆಯೇ. ಬೆಕ್ಕು ಬಯಲಲ್ಲೇ ಬಂದಿಯಾಗುತ್ತದೆ.

ಇನ್ನೊಂದು ಪ್ರಸಂಗ ಅಬೂ ಕತಾದ(ರ) ಅವರದು. ವುಝೂಗೆ ಇಟ್ಟ ನೀರಿಗೆ ಬೆಕ್ಕು ಬಾಯಿ ಹಾಕಲು ಬಂದಾಗ ಅವರು ಪಾತ್ರೆಯನ್ನೇ ಅದಕ್ಕೆ ಬಾಗಿಸಿ ಹಿಡಿದರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತ ಓಡಾಡುವವರಲ್ಲಿ ಒಂದು ಎಂದು ಪ್ರವಾದಿಯವರು ಹೇಳಿದ್ದನ್ನು ನೆನಪಿಸಿದರು. ಅಲ್ಲಿ ಬಳಸಿದ ಅರಬಿ ಪದ ‘ತವ್ವಾಫ್’. ಕಾಬಾದ ಸುತ್ತ ಬರುವ ತವಾಫ್ ಕೂಡ ಅದೇ ಧಾತುವಿನದು. ಸಾಕಿದ ಪ್ರಾಣಿ, ಒಡೆಯನ ಸೊತ್ತು ಎಂಬ ಅರ್ಥ ಅಲ್ಲಿಲ್ಲ. ಬರುವುದು, ಹೋಗುವುದು, ಸುತ್ತುವುದು. ಬೆಕ್ಕಿನೊಡನೆ ಇರುವ ಸಂಬಂಧಕ್ಕೆ ಇಷ್ಟು ಸರಿಯಾದ ಪದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಸುತ್ತ ಬರುವ ಹೆಣ್ಣುಬೆಕ್ಕು ಗರ್ಭ ಧರಿಸುತ್ತದೆ. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲವಾದರೂ. ಮೊದಲ ಸೂಲಿನ ನಾಲ್ಕು ಮರಿಗಳಲ್ಲಿ ಒಂದನ್ನು ನಾಯಿ ಹಿಡಿಯಿತು, ಒಂದು ಬೈಕಿಗೆ ಸಿಕ್ಕಿತು, ಒಂದು ಕಾಣೆಯಾಯಿತು, ಒಂದನ್ನು ಯಾರೋ ಒಯ್ದರು. ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಪಶುವೈದ್ಯರು ಹೇಳಿದರು. ಹುಚ್ಚುನಾಯಿ ರೋಗದ ಚುಚ್ಚುಮದ್ದೂ ಆಗಬೇಕಿತ್ತು. ಆದರೆ ಒಯ್ಯುವುದು ಹೇಗೆ? ಪಂಜರದೊಳಗೆ ಮೀನಿಟ್ಟು, ಅದಕ್ಕೆ ಪರಿಚಿತವಾದ ದನಿಯಲ್ಲಿ ಮಾತಾಡಿಸಿ, ಒಳಗೆ ಬಂದಾಗ ಬಾಗಿಲು ಮುಚ್ಚಬೇಕು.

ಕನ್ನಡದಲ್ಲಿ ‘ನಂಬು’ ಎಂಬ ಕ್ರಿಯಾಪದಕ್ಕೆ ಎಷ್ಟೊಂದು ಮರ್ಯಾದೆಯಿದೆ! ಅದು ‘ನಂಬಿಸು’ ಆದ ಕೂಡಲೇ ಅದರ ಹಿಂದೆ ‘ಕತ್ತು ಕೊಯ್’ ಬಂದು ನಿಲ್ಲುತ್ತದೆ. ನಂಬಿಸಿ ಕತ್ತು ಕೊಯ್ಯುವುದು. ನಂಬಿಕೆ ತಾನಾಗಿ ಹುಟ್ಟಬೇಕು, ಮಾಡಿಸುವಂಥದ್ದಲ್ಲ ಎಂದು ಭಾಷೆಯೇ ಎಚ್ಚರಿಸುವಂತಿದೆ. ಪಂಜರದ ಬಾಗಿಲು ಬಿದ್ದಾಗ ಬೆಕ್ಕು ಕೂಗಲಿಲ್ಲ. ತಿರುಗಿ ನೋಡಿತು. ಆ ನೋಟದಲ್ಲಿ ಆರೋಪವಿತ್ತೆಂದು ಬರೆದರೆ ಅದು ಕಥೆಗಾರನ ಚಾಳಿಯಾದೀತು. ಇದ್ದದ್ದು ಅಗಲವಾದ ಕಣ್ಣು, ಅಷ್ಟೆ.

ಇದು ದ್ರೋಹವೇ? ಅದರ ಒಳಿತಿಗಾಗಿ ಮಾಡಿದ್ದೆಂದು ಹೇಳಬಹುದು. ಮಗುವಿಗೆ ಚುಚ್ಚುಮದ್ದು ಹಾಕಿಸುವ ತಾಯಿಯ ಉದಾಹರಣೆ ಕೊಡಬಹುದು. ಆದರೆ ಮಗು ಮುಂದೆ ದೊಡ್ಡದಾಗಿ ತಿಳಿದುಕೊಳ್ಳುತ್ತದೆ; ಬೆಕ್ಕಿಗೆ ಎಂದೂ ತಿಳಿಯುವುದಿಲ್ಲ. ವಿವರಿಸಲು ಭಾಷೆಯಿಲ್ಲದ ಜಾಗದಲ್ಲಿ ಮಾಡಿದ ಉಪಕಾರ ಉಪಕಾರವಾಗಿ ತಲುಪುವುದಿಲ್ಲ. ಮಾಡದೆ ಬಿಟ್ಟರೆ ವರ್ಷಕ್ಕೆ ಎಂಟು ಮರಿಗಳು ರಸ್ತೆಯ ಪಾಲು. ನಾನು ಕಂಡುಕೊಂಡ ಉತ್ತರ ಇಷ್ಟು. ಅದರ ನಂಬಿಕೆಯನ್ನು ಖರ್ಚು ಮಾಡುವ ಅಗತ್ಯ ಬಂದರೆ ಅದರ ಜೀವಕ್ಕಾಗಿ ಮಾತ್ರ ಖರ್ಚು ಮಾಡಬೇಕು, ನಮ್ಮ ಅನುಕೂಲಕ್ಕಲ್ಲ. ಖರ್ಚು ಮಾಡಿದ ಮೇಲೆ, ಖಾತೆಯಲ್ಲಿ ಇನ್ನೂ ಹಣವಿದೆಯೆಂಬ ಭಾವನೆಯಲ್ಲಿ ಇರಬಾರದು. ಮತ್ತೆ ಮೊದಲಿನಿಂದ ಕೂಡಿಡಲು ತಯಾರಿರಬೇಕು. ‘ನಿನ್ನ ಒಳ್ಳೆಯದಕ್ಕೇ ಮಾಡಿದೆ’ ಎಂಬ ಮಾತು ಮಾತಿಲ್ಲದ ಜೀವದ ಮುಂದೆ ಅನಿವಾರ್ಯವಾಗಿ ಸಲ್ಲಬಹುದು. ಮಾತು ಬಲ್ಲ ಜನರಿಗೆ, ಅವರನ್ನು ಒಂದು ಮಾತೂ ಕೇಳದೆ, ಇದೇ ಸಮಾಧಾನ ಹೇಳುವವರನ್ನು ಮಾತ್ರ ಒಪ್ಪಲಾಗದು.

ಶಸ್ತ್ರಚಿಕಿತ್ಸೆ ಮುಗಿದು, ಗಾಯ ಒಣಗುವ ತನಕ ಒಳಗಿಟ್ಟು ಬಿಟ್ಟ ಮೇಲೆ ಬೆಕ್ಕು ಒಂಬತ್ತು ದಿನ ಬರಲಿಲ್ಲ. ಬಂದಾಗ ಮೊದಲಿನ ದೂರದಲ್ಲೇ ಕೂತಿತು, ಕೊಟ್ಟಿಗೆಯ ತಗಡಿನ ಕೆಳಗೆ. ಬಟ್ಟಲನ್ನು ಅಲ್ಲಿಗೇ ಒಯ್ದಿಟ್ಟೆವು. ಮತ್ತೆ ಜಗುಲಿಗೆ ಬರಲು ಎರಡೂವರೆ ತಿಂಗಳಾಯಿತು. ಮೊದಲ ಸಲದ ನಾಲ್ಕು ತಿಂಗಳಿಗಿಂತ ಕಡಿಮೆ. ಅಂದರೆ ಎಲ್ಲವೂ ಖರ್ಚಾಗಿರಲಿಲ್ಲ.

ಇನ್ನುಳಿದ ಪ್ರಶ್ನೆ: ನಾನಿಲ್ಲದಾಗ? ಒಬ್ಬ ಮನುಷ್ಯನ ದಯೆಯ ಮೇಲೆ ನಿಂತ ಬದುಕು ಆ ಮನುಷ್ಯನ ಜ್ವರ, ವರ್ಗಾವಣೆ, ಸಾವುಗಳ ಮೇಲೂ ನಿಂತಿರುತ್ತದೆ. ಹಿಂದಿನವರು ಇದನ್ನು ಯೋಚಿಸಿದ್ದರು. 1260ರಿಂದ 1277ರವರೆಗೆ ಈಜಿಪ್ಟನ್ನು ಆಳಿದ ಸುಲ್ತಾನ ಬೈಬರ್ಸ್, ಕೈರೋದ ತನ್ನ ಮಸೀದಿಯ ಬಳಿಯ ತೋಟವೊಂದನ್ನು ಬೆಕ್ಕುಗಳಿಗಾಗಿ ವಕ್ಫ್ ಮಾಡಿದ್ದನಂತೆ. ಇದನ್ನು ಬರೆದಿಟ್ಟವನು 1836ರಲ್ಲಿ ಈಜಿಪ್ಟಿನ ಜನಜೀವನದ ಬಗ್ಗೆ ಪುಸ್ತಕ ಪ್ರಕಟಿಸಿದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್. ಅವನ ಕಾಲಕ್ಕೆ ಆ ತೋಟ ಕೈಯಿಂದ ಕೈಗೆ ಮಾರಾಟವಾಗಿ, ಅದರಿಂದ ಬರುತ್ತಿದ್ದದ್ದು ಹೆಸರಿಗಷ್ಟೇ ಒಂದು ಬಾಡಿಗೆ. ಆದರೂ ವಕ್ಫ್‌ಗಳ ರಕ್ಷಕನಾದ ಕಾಜಿಯ ಮೇಲೆ ಹೊಣೆ ಉಳಿದಿತ್ತು. ದಿನವೂ ಮಧ್ಯಾಹ್ನದ ಮೇಲೆ ಕಾಜಿಯ ನ್ಯಾಯಾಲಯದ ಅಂಗಳದಲ್ಲಿ ಬೆಕ್ಕುಗಳು ನೆರೆಯುತ್ತಿದ್ದವು, ಅವಕ್ಕೆ ಊಟ ಹಾಕಲಾಗುತ್ತಿತ್ತು. ಸುಲ್ತಾನ ಹೋದ, ಅವನ ವಂಶ ಹೋಯಿತು, ತೋಟವೂ ಹೋಯಿತು. ಐನೂರೈವತ್ತು ವರ್ಷಗಳ ನಂತರವೂ ಬೆಕ್ಕುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಯಾರೋ ಒಬ್ಬರು ಬುಟ್ಟಿ ತರುತ್ತಿದ್ದರು. ಆಸ್ತಿಯನ್ನು ನುಂಗಿದವರ ನಡುವೆಯೂ ಮಾತು ಉಳಿದುಕೊಂಡಿತ್ತು.

ಇಸ್ತಾಂಬುಲ್ ನಗರದ ಬೀದಿಬೆಕ್ಕುಗಳ ಬಗ್ಗೆ 2016ರಲ್ಲಿ ಜೇದಾ ತೊರುನ್ ‘ಕೆದಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬೆಕ್ಕುಗಳಿಗೆ ಒಡೆಯರಿಲ್ಲ, ಆದರೆ ಅನ್ನವಿಡುವವರಿದ್ದಾರೆ: ಮೀನುಗಾರರು, ಅಂಗಡಿಯವರು, ಒಂಟಿ ಹೆಂಗಸರು. ಒಬ್ಬರದಾಗದೆ ಓಣಿಯದಾಗುವುದು. ನಮ್ಮಲ್ಲೂ ಇದು ಅಸಾಧ್ಯವೇನಲ್ಲ. ನಮ್ಮ ಓಣಿಯ ಬೆಕ್ಕಿಗೆ ಈಗ ಮೂರು ಮನೆಗಳ ಬಟ್ಟಲಿದೆ. ಅದರಲ್ಲೊಂದು, ಅಂದು ನೀರೆರಚಿದ ಮನೆಯದು. ಆ ಮನೆಯವರಿಗೂ ನಮಗೂ ಮೊದಲು ಮಾತಿರಲಿಲ್ಲ. ಮಾತು ಶುರುವಾದದ್ದು ‘ನಿಮ್ಮ ಬೆಕ್ಕು ಇವತ್ತು ಬಂದಿಲ್ಲವಲ್ಲ’ ಎಂಬ ದೂರಿನಿಂದ.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಕೊಟ್ಟದ್ದು, ಕೊಟ್ಟವರು ಕೇಳಿದಾಗ ಹಾಗೆಯೇ ಒಪ್ಪಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗೆ ಬಂದು ಅಮಾನತು ಆಯಿತು. ನೌಕರನನ್ನು ಕೆಲಸದಿಂದ ತಡೆಹಿಡಿಯುವುದೆಂಬ ಅರ್ಥ ಪಡೆಯಿತು. ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದು ಓದುವಾಗೆಲ್ಲ ನನ್ನೊಳಗಿನ ಎರಡು ಭಾಷೆಗಳು ಮುಖ ಮುಖ ನೋಡಿಕೊಳ್ಳುತ್ತವೆ. ಈಚೆಗೆ ಅವೆರಡೂ ಅಷ್ಟೇನೂ ದೂರವಿಲ್ಲ ಅನ್ನಿಸುತ್ತದೆ. ನಂಬಿ ಕೊಟ್ಟದ್ದನ್ನು ಕಾಯದವನು ಅಧಿಕಾರದಲ್ಲಿರಬಾರದು.

ಬೆಕ್ಕು ನಮ್ಮಲ್ಲಿ ಇಟ್ಟದ್ದು ಅದರ ಅಂಜಿಕೆಯನ್ನು. ಪೂರ್ತಿಯಲ್ಲ, ಮುಕ್ಕಾಲು ಪಾಲು. ಉಳಿದ ಕಾಲು ಪಾಲನ್ನು ಅದು ತನ್ನಲ್ಲೇ ಇಟ್ಟುಕೊಂಡಿದೆ. ಬೈಕಿನ ಸದ್ದಿಗೆ, ಹುಡುಗರ ಗುಂಪಿಗೆ, ಮೇಲಿನಿಂದ ಬರುವ ಕೈಗೆ ಅದನ್ನು ಬಳಸುತ್ತದೆ. ಅದನ್ನೂ ಕೊಟ್ಟುಬಿಡು ಎಂದು ಕೇಳುವುದು ಪ್ರೀತಿಯಲ್ಲ. ಅದು ಬೆಕ್ಕಿನ ಸ್ವಂತ ಆಸ್ತಿ.

ಮನೆ ಖಾಲಿ ಮಾಡುವಾಗ ನಾವು ಹಾಲಿನವನ ಲೆಕ್ಕ ತೀರಿಸುತ್ತೇವೆ, ಪೇಪರಿನವನ ಬಾಕಿ ಕೊಡುತ್ತೇವೆ, ಕರೆಂಟು ಬಿಲ್ಲಿನ ರಸೀದಿ ಮಾಲೀಕನ ಕೈಗಿಡುತ್ತೇವೆ, ಮುಂಗಡ ಹಣವನ್ನು ಎಣಿಸಿ ತೆಗೆದುಕೊಳ್ಳುತ್ತೇವೆ. ಗೋಡೆಯ ಮೇಲೆ ಕೂತು ನೋಡುತ್ತಿರುವ ಒಂದು ಜೀವಕ್ಕೂ ನಮ್ಮಲ್ಲಿ ಠೇವಣಿ ಇರುತ್ತದೆ. ಅದರ ಬಳಿ ರಸೀದಿ ಇರುವುದಿಲ್ಲ. ಜೊತೆಗೆ ಒಯ್ಯುವುದಾದರೆ ಒಯ್ಯಬೇಕು. ಆಗದಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ಊಟದ ಹೊತ್ತು ಯಾವುದು, ಬಟ್ಟಲು ಎಲ್ಲಿಡಬೇಕು, ಎಷ್ಟು ದೂರ ಕೂರಬೇಕು ಎಂಬುದನ್ನು ಹೇಳಿ ಲೆಕ್ಕ ಒಪ್ಪಿಸಬೇಕು. ಲಾರಿ ಅಷ್ಟು ಹೊತ್ತು ಕಾಯುತ್ತದೆ.